ಉಡಿ ತುಂಬ ಹತ್ತಿ

ಹ್ಯಾಂಬರ್ಗ್
5 ನವೆಂಬರ್ 2023

ನಾಗಿ,

ಸುರಪುರದ ಹಾಸ್ಟೆಲಿನಲ್ಲಿ ವಾರ್ಡನ್ ಅಕ್ಕ ಕಲಿಸಿದ ಹಾಗೆ ಮೊದಲು ಕ್ಷೇಮ ಸಮಾಚಾರ ಬರೆಯಬೇಕಿತ್ತು. ಆದರೆ ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ, ಅದನ್ನು ಮುಗಿಸಿ ಮುಂದೆ ಹೋಗುತ್ತೇನೆ. ದಸರೆಯಿಂದ ಎಷ್ಟು ಸಲ ಫೋನು ಮಾಡಿದೆ! ಒಂದೋ ನೀನು ಎತ್ತುವುದಿಲ್ಲ, ಎತ್ತಿದರೆ ‘ಹ್ಞೂಂ, ಹ್ಞೂಂ, ಆರಾಮ ಅದೀನಿ’ ಎಂದು ಇಟ್ಟುಬಿಡುತ್ತೀ. ಒಂದೇ ತಾಟಿನಲ್ಲಿ ಉಂಡವರು ನಾವು. ಅಷ್ಟು ಅವಸರವೇನು ನಿನಗೆ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನಾದರೂ ಪೂರ್ತಿ ಓದುತ್ತೀಯಲ್ಲ.

ಕಲಬುರಗಿಯಲ್ಲಿ ಕಾನೂನು ಓದಿ, ಸ್ಕಾಲರ್‌ಶಿಪ್ ಹಿಡಿದು ಜರ್ಮನಿಗೆ ಹೋದ ಮಗಳು ಅಲ್ಲೇನು ಮಾಡುತ್ತಾಳೆ ಎಂದು ನಮ್ಮ ಓಣಿಯವರು ಅಪ್ಪನನ್ನು ಕೇಳುತ್ತಾರಂತೆ. ನಿನಗೆ ಹೇಳುತ್ತೇನೆ, ಕೇಳು. ಇಲ್ಲಿ ಈಗ ಒಂದು ಕಾನೂನು ಬಂದಿದೆ. ದೊಡ್ಡ ಕಂಪನಿಗಳು ಬೇರೆ ದೇಶದಿಂದ ಸರಕು ತರಿಸುವಾಗ ಅದರ ಹಿಂದೆ ಮಕ್ಕಳ ದುಡಿಮೆ ಇದೆಯೇ, ಯಾರ ಮೇಲಾದರೂ ಜುಲುಮೆ ಇದೆಯೇ ಎಂದು ತಾವೇ ನೋಡಿಕೊಳ್ಳಬೇಕು. ಅವರು ನಿಜಕ್ಕೂ ನೋಡುತ್ತಾರೋ, ನೋಡಿದ ಹಾಗೆ ಮಾಡುತ್ತಾರೋ ಎಂದು ಕಣ್ಣಿಡುವ ಸಣ್ಣ ಸಂಸ್ಥೆ ನಮ್ಮದು.

ಹೋದ ವಾರ ಇಲ್ಲಿಯ ಒಂದು ಬಟ್ಟೆ ಕಂಪನಿ ತನ್ನ ಹತ್ತಿ ಎಲ್ಲಿಂದ ಬರುತ್ತದೆ ಎಂದು ಹೊರಗಿಟ್ಟ ಪಟ್ಟಿ ನೋಡುತ್ತಿದ್ದೆ. ಶಹಾಪುರ! ಅದರ ಮುಂದೆ ನಿನ್ನ ಮಿಲ್ಲಿನ ಹೆಸರು! ಆಫೀಸಿನಲ್ಲಿ ಎದ್ದು ನಿಂತು ‘ಇದು ನಮ್ಮ ನಾಗಿಯ ಮಿಲ್ಲು’ ಎಂದು ಕನ್ನಡದಲ್ಲೇ ಕೂಗಿದೆ. ಯಾರಿಗೂ ಏನೂ ತಿಳಿಯಲಿಲ್ಲ.

ಅಲ್ಲಿ ಹತ್ತಿ ಬಿಡಿಸುವುದು, ಮಿಲ್ಲಿನ ಕೆಲಸ, ಎಲ್ಲ ಬರೆ. ಒಂದು ಫೋಟೋ ಇದ್ದರೆ ಕಳಿಸು. ಮಕ್ಕಳು ಕೆಲಸಕ್ಕೆ ಬರುತ್ತಾರೇನು, ಅದನ್ನೂ ಬರೆ.

ನಿನ್ನ
ಪರಿಮಳಾ

*

ಶಹಾಪುರ
14 ಜನವರಿ 2024

ಪರಿಮಳಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಹತ್ತಿ ಸುಗ್ಗಿಯಲ್ಲಿ ಜಿನ್ನಿಂಗ್ ಮಿಲ್ಲಿನವರಿಗೆ ತಲೆ ಕೆರೆದುಕೊಳ್ಳಲೂ ಪುರಸತ್ತಿಲ್ಲ ಎಂಬುದು ಅಲ್ಲಿ ಬೆಚ್ಚಗೆ ಕೂತವಳಿಗೆ ಹೇಗೆ ಗೊತ್ತಾಗಬೇಕು. ಸಿಟ್ಟು ಮಾಡಿಕೋ, ಬೇಕಾದಷ್ಟು ಮಾಡಿಕೋ. ಫೋನು ಮಾತ್ರ ಮಾಡಬೇಡ. ಇಲ್ಲಿ ಟವರ್ ಸರಿಯಿಲ್ಲ. ಏನು ಕೇಳುವುದಿದ್ದರೂ ಬರೆದು ಕೇಳು.

ನನ್ನ ಕೆಲಸ ಏನಿದೆ? ಬೀಜ ಬಿಡಿಸುವ ಜಿನ್ನಿಗೆ ಹತ್ತಿ ಉಣಿಸುವುದು. ಬೀಜ ಒಂದು ಕಡೆ ಬೀಳುತ್ತದೆ, ಅರಳೆ ಒಂದು ಕಡೆ ಬೀಳುತ್ತದೆ, ಸಂಜೆ ನಾವು ಒಂದು ಕಡೆ ಬೀಳುತ್ತೇವೆ. ಪಕ್ಕದ ಜಿನ್ನಿನಲ್ಲಿ ಶರೀಫಾಬೀ ಇರುತ್ತಾಳೆ. ನಮ್ಮ ಮನೆಯ ಪಕ್ಕದಲ್ಲೂ ಅವಳೇ. ಮಿಲ್ಲಿನಲ್ಲಿ ನಮ್ಮ ಮೇಲಿನವನು ಬಸವಂತ್ರಾಯ ಅಂತ, ಬಾಯಿ ದೊಡ್ಡದು, ಮನುಷ್ಯ ಕೆಟ್ಟವನಲ್ಲ.

ನನಗೆ ಬದುಕಲಿಕ್ಕೆ ಒಂದೇ ನೆಪ, ದುರ್ಗಿ. ನಮ್ಮಕ್ಕನ ಮಗಳು ದುರ್ಗಾದೇವಿ. ನೀನು ಅವಳನ್ನು ತೊಟ್ಟಿಲಲ್ಲಿ ನೋಡಿದ್ದೀ. ಅಕ್ಕ ತೀರಿಕೊಂಡ ಮೇಲೆ ಅವಳ ಗಂಡ ವೆಂಕಟಪ್ಪ ಇನ್ನೊಂದು ಮದುವೆಯಾಗಿ ಪುಣೆಗೆ ಹೋಗಿ ಬಿಲ್ಡಿಂಗ್ ಕೆಲಸಕ್ಕೆ ನಿಂತ. ನಾನು ಗಂಡನ ಮನೆ ಬಿಟ್ಟು ಬಂದವಳು, ಕೂಸನ್ನು ಎಳೆದುಕೊಂಡೆ. ಆವಾಗ ಅವನು ಕಡ್ಡಿ ಮುರಿದ ಹಾಗೆ ಹೇಳಿದ: ‘ನೀ ದುಡುದು ಓದಸ್ತಿ ಅಂದ್ರ ಇರ್ಲಿ. ನಿನ್ನ ಕೈಲೆ ಆಗಲಿಲ್ಲಂದ್ರ ಅವತ್ತೇ ಬಂದು ಕರ್ಕೊಂಡು ಹೋಗ್ತೀನಿ.’ ಈಗ ಶಾಲೆಯಲ್ಲಿ ಎಂಟನೆಯತ್ತೆ. ಅವಳು ಎಸೆಸೆಲ್ಸಿ ದಾಟುವ ತನಕ ನನ್ನ ಕೈಕಾಲು ನಡೆದರೆ ಸಾಕು, ಬೇರೆ ಏನನ್ನೂ ನಾನು ಬೇಡುವುದಿಲ್ಲ.

ಫೋಟೋ ಕೇಳಿದ್ದೆಯಲ್ಲ, ಮೊನ್ನೆ ತೆಗೆದದ್ದು ಇಟ್ಟಿದ್ದೇನೆ. ಸ್ಟುಡಿಯೋದ ಶಾಂತಕುಮಾರ ಹೊಲಕ್ಕೇ ಬಂದಿದ್ದ. ಮುಂದೆ ನಿಂತವಳೇ ದುರ್ಗಿ. ಬಿಡಿಸಿ ಹೇಳುವುದೇನಿದೆ, ನಿನಗೆ ಗೊತ್ತಿರುವುದೇ.

ನಿನ್ನ
ನಾಗಲಕ್ಷ್ಮಿ

*

ಹ್ಯಾಂಬರ್ಗ್
11 ಫೆಬ್ರವರಿ 2024

ನನ್ನ ನಾಗಿ,

ಫೋಟೋ ನೋಡಿದೆ. ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ‘ಫೋನು ಮಾಡಬೇಡ’, ‘ಬಿಡಿಸಿ ಹೇಳುವುದೇನಿದೆ’. ನೀನು ಬರೆದದ್ದನ್ನೂ ಓದಿದೆ, ಬರೆಯದೆ ಬಿಟ್ಟದ್ದನ್ನೂ ಓದಿದೆ. ಇಷ್ಟು ದಿನ ನೀನು ಹ್ಞೂಂ ಎಂದು ಫೋನಿಟ್ಟದ್ದು ಯಾಕೆ ಎಂಬುದು ಈಗ ತಿಳಿಯಿತು. ನಿನ್ನ ಪಕ್ಕದಲ್ಲಿ ಯಾರೋ ನಿಂತಿರುತ್ತಾರೆ, ಅಲ್ಲವೇ?

ಐದು ಮಕ್ಕಳು. ಹತ್ತಿ ಸಾಲಿನ ನಡುವೆ. ಲಂಗ, ಅಂಗಿ ಎತ್ತಿ ಹಿಡಿದು ಉಡಿ ತುಂಬ ಹತ್ತಿ. ಹಿಂದೆ ರುಮಾಲಿನವನೊಬ್ಬ ಕೈ ಎತ್ತಿ ಬಾಯಿ ತೆರೆದು ಮಕ್ಕಳ ಮೇಲೆ ಕೂಗುತ್ತಿದ್ದಾನೆ. ಫೋಟೋಕ್ಕೆಂದು ಪಾಪ ಅವುಗಳನ್ನು ನಗಿಸಿಯೂ ಇದ್ದಾರೆ. ದುರ್ಗಿಯ ಮುಂಗೈ ಮೇಲೆ ಗೀರು ಕಾಣುತ್ತದೆ. ಅವಳನ್ನು ಓದಿಸುತ್ತಿದ್ದೇನೆ ಎಂದು ಬರೆದು ಅದರ ಜೊತೆಗೇ ಈ ಫೋಟೋ ಇಡಬೇಕಾದರೆ ನಿನಗೆ ಎಷ್ಟು ಸಂಕಟವಾಗಿರಬೇಕು.

ಹೆದರಬೇಡ. ನಿನ್ನ ಹೆಸರು ಎಲ್ಲಿಯೂ ಬರುವುದಿಲ್ಲ. ಮಕ್ಕಳ ಮುಖವನ್ನೂ ಅಳಿಸುತ್ತೇವೆ. ಉತ್ತರ ಬರೆಯಲಿಕ್ಕೆ ಆಗದಿದ್ದರೆ ಬರೆಯಲೇಬೇಡ. ಮುಂದಿನದು ನನಗೆ ಬಿಡು.

ಪರಿಮಳಾ

*

ಶಹಾಪುರ
17 ಮಾರ್ಚ್ 2024

ಪರಿಮಳಾ,

ನಿನ್ನ ಕಾಗದ ಓದಿ ತಲೆ ಬುಡ ಒಂದೂ ತಿಳಿಯಲಿಲ್ಲ. ನನ್ನ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ? ನಿಂತರೆ ಶರೀಫಾಬೀ, ಅದೂ ಸಕ್ಕರೆ ಕೇಳಲಿಕ್ಕೆ. ಮುಖ ಅಳಿಸುವುದು ಯಾಕೆ? ಚಂದ ಬಂದಿವೆಯಲ್ಲ! ಜರ್ಮನಿಯ ಚಳಿ ನಿನ್ನ ತಲೆಗೆ ಏರಿರಬೇಕು. ಬೆಳ್ಳುಳ್ಳಿ ತಿನ್ನು.

ದುರ್ಗಿ ಕನ್ನಡದಲ್ಲಿ ಇಡೀ ತರಗತಿಗೆ ಮೊದಲು ಬಂದಿದ್ದಾಳೆ. ನಿಮ್ಮಪ್ಪ ಭೀಮರಾಯ ಮಾಸ್ತರರು ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದೆ, ಅಲ್ಲೇ ನಿಂತು ಅವಳಿಂದ ಒಂದು ಪದ್ಯ ಹೇಳಿಸಿದರು. ಅವಳಿಗೆ ಈಗ ಬಸ್ ಕಂಡಕ್ಟರ್ ಆಗುವ ಹುಚ್ಚು. ಕೆಂಭಾವಿ ಸಂತೆಯಲ್ಲಿ ಒಂದು ಸೀಟಿ ಕೊಂಡು ಕೊರಳಿಗೆ ಹಾಕಿಕೊಂಡಿದ್ದಾಳೆ. ನಾನು ಮಿಲ್ಲಿನಿಂದ ಬರುವಾಗ ಓಣಿಯ ತುದಿಯಲ್ಲಿ ನಿಂತು ಊದುತ್ತಾಳೆ. ‘ಯಾರ್ರೀ ಟಿಕೀಟ, ಒಳಗ ನಡೀರಿ’ ಎನ್ನುತ್ತಾಳೆ. ನಾನು ಸೆರಗಿನ ಗಂಟು ಬಿಚ್ಚಿ ಕಡಲೆ ಕಾಳು ಕೊಟ್ಟರೇನೇ ನನಗೆ ನನ್ನ ಮನೆಯಲ್ಲಿ ಸೀಟು.

ನೀನು ಏನು ಓದಿದೆ ಎಂಬುದನ್ನು ಸರಿಯಾಗಿ ಬರೆ. ನನಗೂ ತಿಳಿಯಲಿ.

ನಾಗಲಕ್ಷ್ಮಿ

*

ಹ್ಯಾಂಬರ್ಗ್
26 ಮೇ 2024

ನಾಗಿ,

ಗೆದ್ದೆವು! ನಿನಗೇ ಮೊದಲು ಬರೆಯುತ್ತಿದ್ದೇನೆ.

ಮಾರ್ಚ್ ತಿಂಗಳ ನಿನ್ನ ಕಾಗದ ತಲುಪಿತು. ಎಷ್ಟು ಜಾಣೆ ನೀನು! ಯಾರ ಕೈಗೆ ಸಿಕ್ಕರೂ ಏನೂ ತಿಳಿಯದ ಹಾಗೆ ಸಕ್ಕರೆ, ಬೆಳ್ಳುಳ್ಳಿ, ಸೀಟಿ ಎಂದು ಬರೆದಿದ್ದೀ. ಹಾಸ್ಟೆಲಿನಲ್ಲೂ ಸಿಕ್ಕಿಬೀಳುವ ಹೊತ್ತಿಗೆ ನಿನಗೇ ಮೊದಲು ನಗು ಬರುತ್ತಿತ್ತು.

ಹೋದ ವಾರ ಆ ಬಟ್ಟೆ ಕಂಪನಿಯ ವರ್ಷದ ಸಭೆ. ದೊಡ್ಡ ಸಭಾಂಗಣ, ತುಂಬ ಜನ. ನಾವು ಎದ್ದು ನಿಂತು ಫೋಟೋವನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದೆವು. ‘ನಿಮ್ಮ ಮಳಿಗೆಯಲ್ಲಿ ಮಗುವಿನ ಅಂಗಿ ಇದೆ. ಅದಕ್ಕೆ ಹತ್ತಿ ಬಿಡಿಸಿದ್ದು ಈ ಮಗು’ ಎಂದು ನಾನು ಹೇಳಿದೆ.  ಒಬ್ಬ ಮುದುಕಿ ಅತ್ತಳು. ಕಂಪನಿಯವರು ಮುಖ ಒರೆಸಿಕೊಂಡು ‘ತಕ್ಷಣ ಕ್ರಮ ಕೈಗೊಳ್ಳುತ್ತೇವೆ’ ಎಂದರು. ಪತ್ರಿಕೆಯಲ್ಲೂ ಬಂತು.

ಇನ್ನು ಮೇಲೆ ಅವರು ಯಾರನ್ನಾದರೂ ಅಲ್ಲಿಗೆ ಕಳಿಸಲೇಬೇಕು, ವಿಚಾರಿಸಲೇಬೇಕು, ಮಕ್ಕಳನ್ನು ಶಾಲೆಗೆ ಹಚ್ಚಲೇಬೇಕು. ದುರ್ಗಿಗೆ ಇನ್ನು ಹತ್ತಿ ಹೊಲದ ಕಾಟವಿಲ್ಲ.

ಪರಿಮಳಾ

*

ಹ್ಯಾಂಬರ್ಗ್
15 ಸೆಪ್ಟೆಂಬರ್ 2024

ನಾಗಿ,

ಮೇ ತಿಂಗಳಿನಿಂದ ನಿನ್ನ ಒಂದು ಅಕ್ಷರವಿಲ್ಲ. ಅಪ್ಪನನ್ನು ಕೇಳಿದರೆ ‘ಶಹಾಪುರದ ಕಡೆ ಹೋಗಿಲ್ಲವ್ವ’ ಎಂದರು. ಫೋನು ಮಾಡಿದೆ, ನೀನು ಎತ್ತಿ ಏನೂ ಮಾತಾಡದೆ ಇಟ್ಟೆ. ನಿನಗೆ ಯಾರಾದರೂ ಬೆದರಿಕೆ ಹಾಕಿದ್ದಾರಾ? ನನಗೆ ಭಯವಾಗುತ್ತಿದೆ. ಒಂದು ಸಾಲು ಬರೆ ಸಾಕು.

ಪರಿಮಳಾ

*

ಶಹಾಪುರ
10 ನವೆಂಬರ್ 2024

ಪರಿಮಳಾ ಅವರಿಗೆ,

ಯಾರೂ ಬೆದರಿಕೆ ಹಾಕಿಲ್ಲ. ನಿಮ್ಮ ಮೇ ತಿಂಗಳ ಕಾಗದ ಓದಿದ ದಿನವೇ ನನಗೆ ಎಲ್ಲ ತಿಳಿಯಿತು. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಜರ್ಮನಿ ಎಲ್ಲಿ, ಶಹಾಪುರ ಎಲ್ಲಿ, ಏನೂ ಆಗಲಿಕ್ಕಿಲ್ಲ ಎಂದುಕೊಂಡೆ. ಆಯಿತು. ಈಗ ಬರೆಯುತ್ತೇನೆ.

ಫೋಟೋ ತೆಗೆದ ದಿನ ಎಳ್ಳಮಾಸಿ, ಎಳ್ಳು ಅಮಾವಾಸ್ಯೆ.

ಎಳ್ಳಮಾಸಿಯ ದಿನ ಹೊಲದ ತುಂಬ ಚರಗ, ಅಂದರೆ ನೈವೇದ್ಯ, ಚೆಲ್ಲುತ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಕಟ್ಟಿಕೊಂಡು ಹೆಂಗಸರು, ಮಕ್ಕಳು, ದುಡಿಯುವವರು, ಧಣಿ ಎಲ್ಲರೂ ಹೋಗುತ್ತೇವೆ. ಭೂಮಿತಾಯಿಗೆ ಉಣಿಸಿ ನಾವು ಉಣ್ಣುತ್ತೇವೆ. ರುಮಾಲಿನವನು ಕೂಗುತ್ತಿದ್ದಾನೆ ಎಂದು ಬರೆದಿರಿ. ಅವನು ನಮ್ಮ ಬಾಲರಾಜ ಕಾಕಾ. ಚರಗ ಚೆಲ್ಲುತ್ತ ‘ಹುಲ್ಲುಲ್ಲಿಗ್ಯೋ’ ಎಂದು ಹೊಲಕ್ಕೆ ಕೂಗುತ್ತಿದ್ದಾನೆ, ಮಕ್ಕಳಿಗಲ್ಲ. ಆ ದಿನ ನಮ್ಮ ಕಡೆ ಮಕ್ಕಳಿಗೆ ಒಂದು ಹಕ್ಕಿದೆ. ಯಾರ ಹೊಲವಾದರೂ ಸರಿ, ಉಡಿಗೆ ಹಿಡಿಸುವಷ್ಟು ಹತ್ತಿ ಬಿಡಿಸಿಕೊಳ್ಳಬಹುದು, ಧಣಿ ಕೇಳುವ ಹಾಗಿಲ್ಲ. ಅದನ್ನು ಮಕ್ಕಳು ತಮ್ಮ ತಮ್ಮ ತಲೆದಿಂಬಿಗೆ ತುಂಬಿಕೊಳ್ಳುತ್ತಾರೆ. ದುರ್ಗಿ ಐದು ವರ್ಷದವಳಿದ್ದಾಗಿಂದ ಒಂದು ದಿಂಬು ತುಂಬುತ್ತಿದ್ದಾಳೆ. ನಿಮಗೆ ಗೊತ್ತೇ ಇದೆ ಎಂದು ನಾನು ಬಿಡಿಸಿ ಬರೆಯಲಿಲ್ಲ.

ಅವು ಖರೇನೇ ನಗುತ್ತಿದ್ದವು. ನೀವು ಮುಖ ಅಳಿಸಿದಿರಿ, ನಗುವೂ ಅಳಿಸಿ ಹೋಯಿತು.

ಕಂಪನಿಯವರು ಇಲ್ಲಿಗೆ ಯಾರನ್ನೂ ಕಳಿಸಲಿಲ್ಲ. ಏನನ್ನೂ ವಿಚಾರಿಸಲಿಲ್ಲ. ಪಟ್ಟಿಯಿಂದ ನಮ್ಮ ಮಿಲ್ಲಿನ ಹೆಸರು ಹೊಡೆದು ಹಾಕಿದರು, ಅವರ ಕ್ರಮ ಮುಗಿಯಿತು. ದಸರೆ ಮುಗಿಸಿ ಹೋದರೆ ಗೇಟಿಗೆ ಬೀಗ. ಬಸವಂತ್ರಾಯ ಹೊರಗೇ ಕೂತಿದ್ದ. ‘ಯಾವುದೋ ಮಕ್ಕಳ ಫೋಟೋ ಹೋಗ್ಯಾದಂತ. ನಮ್ಮ ಹತ್ತಿ ಗಾಂಠ ಒಯ್ಯಂಗಿಲ್ಲ ಅಂತ ಏಜೆಂಟ ಹೇಳ್ಯಾನ. ಧಣಿ ಈ ವರ್ಷ ಮಿಲ್ಲ ಚಾಲೂ ಮಾಡಂಗಿಲ್ಲ. ನಡೀರಿ ಮನಿಗಿ’ ಎಂದ. ‘ಯಾರ ಮಕ್ಕಳ್ರೀ?’ ಎಂದು ಶರೀಫಾಬೀ ಕೇಳಿದಳು. ‘ಮಾರಿ ಅಳಿಸ್ಯಾರ, ಯಾರಿಗಿ ಗೊತ್ತ’ ಎಂದ. ನಾನು ತಲೆ ತಗ್ಗಿಸಿ ಮನೆಗೆ ನಡೆದೆ.

ಮಿಲ್ಲಿನಲ್ಲಿ ಮಕ್ಕಳು ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಕೆಂಭಾವಿ ಕಡೆಯ ಇಬ್ಬರು ಹುಡುಗಿಯರು ಇದ್ದರು. ಕಾರ್ಡಿನಲ್ಲಿ ಹದಿನೆಂಟು, ಮುಖದಲ್ಲಿ ಹದಿಮೂರು. ನೀವು ಮೊದಲ ಕಾಗದದಲ್ಲಿ ಕೇಳಿದಿರಿ, ನಾನು ಉತ್ತರ ಕೊಡಲಿಲ್ಲ, ಅದು ಖರೆ. ಇನ್ನೊಂದು ಸಲ ಕೇಳಿದ್ದರೆ ಹೇಳುತ್ತಿದ್ದೆ. ಆದರೆ ನೀವು ಕೇಳಲಿಲ್ಲ, ನಿಮಗೆ ಎಲ್ಲ ತಿಳಿದುಬಿಟ್ಟಿತ್ತು. ಆ ಹುಡುಗಿಯರು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ದೀಪಾವಳಿ ಮುಗಿದ ಮೇಲೆ ವೆಂಕಟಪ್ಪ ಬಂದ. ಮಿಲ್ಲು ಮುಚ್ಚಿದ ಸುದ್ದಿ ಪುಣೆಗೂ ಹೋಗಿತ್ತು. ಕೂಲಿಗೆ ಹೋಗಿಯಾದರೂ ಓದಿಸುತ್ತೇನೆ ಎಂದು ಅವನ ಕಾಲು ಹಿಡಿದೆ. ‘ನಿನ್ನ ಹೊಟ್ಟಿಗೇ ಇಲ್ಲ, ಅಕಿನ್ನ ಏನ ಓದಸ್ತಿ? ಮಾತ ಅಂದ್ರ ಮಾತ’ ಎಂದ. ದುರ್ಗಿ ಒಂಬತ್ತನೆಯ ತರಗತಿಯ ಪುಸ್ತಕಗಳನ್ನು ಚೀಲಕ್ಕೆ ಹಾಕಿದಳು, ಅವನು ತೆಗೆದಿಟ್ಟ. ದಿಂಬು ಹಿಡಿದಳು, ಅದನ್ನೂ ತೆಗೆದಿಟ್ಟ. ಸೀಟಿ ಒಂದೇ ಕೊರಳಲ್ಲಿ ಉಳಿಯಿತು. ಬಸ್ಸು ತಿರುವು ದಾಟುವ ತನಕ ಕಿಟಕಿಯಿಂದ ಊದಿದಳು.

ನೀವು ದೊಡ್ಡವರು. ನಿಮಗೆ ಒಳ್ಳೆಯದಾಗಲಿ.

ನಾಗಲಕ್ಷ್ಮಿ

*

ಹ್ಯಾಂಬರ್ಗ್
3 ಡಿಸೆಂಬರ್ 2024

ನಾಗಿ,

‘ಅವರಿಗೆ’ ಎನ್ನಬೇಡ. ಬೈಯಿ, ಉಗಿ. ಬಹುವಚನ ಮಾತ್ರ ಬೇಡ.

ನಮ್ಮ ಮನೆಯಲ್ಲಿ ಎಳ್ಳಮಾಸಿ ಇರಲಿಲ್ಲ ಎಂಬುದು ನಿನಗೆ ಮರೆತಿದೆಯೇ? ಅಪ್ಪ ಬೌದ್ಧರಾದ ಮೇಲೆ ಹಬ್ಬಗಳನ್ನೆಲ್ಲ ಕೈಬಿಟ್ಟರು. ನಮಗೆ ಹೊಲವೂ ಇರಲಿಲ್ಲ. ಬೇರೆಯವರ ಹೊಲಕ್ಕೆ ನಮ್ಮನ್ನು ಕರೆಯುವವರೂ ಇರಲಿಲ್ಲ. ನೀನು ಮರುದಿನ ಹಾಸ್ಟೆಲಿಗೆ ಕಡುಬು ತರುತ್ತಿದ್ದೆ, ನನಗೆ ಗೊತ್ತಿದ್ದ ಎಳ್ಳಮಾಸಿ ಅಷ್ಟೇ. ಮಕ್ಕಳ ಉಡಿಯ ಹತ್ತಿಯ ಸುದ್ದಿಯನ್ನು ನಾನು ಕೇಳಿರಲೇ ಇಲ್ಲ. ಇದು ನೆಪವಲ್ಲ. ಆದರೂ ಹೇಳದೆ ಇರಲು ಆಗುತ್ತಿಲ್ಲ.

ನಾಗಿ, ಒಂದೇ ಒಂದು ಸಲ ಫೋನಿನಲ್ಲಿ ಮಾತಾಡಿದ್ದರೆ! ‘ಏ ಹುಚ್ಚಿ, ಅದು ಚರಗ’ ಎಂದು ಒಂದು ಮಾತು ಅಂದಿದ್ದರೆ! ಯಾಕೆ ಮಾತಾಡಲಿಲ್ಲ ನೀನು? ಟವರ್ ಸರಿಯಿಲ್ಲ ಎಂದು ಬರೆದೆ. ಶಹಾಪುರದಲ್ಲಿ ಟವರ್ ಚೆನ್ನಾಗಿದೆ ಎಂದು ಅಪ್ಪ ಹೇಳುತ್ತಾರೆ.

ನಾನು ಇಲ್ಲಿ ಸುಮ್ಮನೆ ಕೂರುವುದಿಲ್ಲ. ಮಾಡಿದ್ದನ್ನು ಬಿಚ್ಚುತ್ತೇನೆ. ದುರ್ಗಿಯ ಸುದ್ದಿ ತಿಳಿಸು.

ಪರಿಮಳಾ

*

ಶಹಾಪುರ
26 ಜನವರಿ 2025

ಪರಿಮಳಾ,

ನಿಮ್ಮಪ್ಪ ನಿನ್ನ ಕಾಗದ ಹಿಡಿದುಕೊಂಡು ಬಂದಿದ್ದರು, ಅವರಿಗೂ ಎಲ್ಲ ಬರೆದಿದ್ದೆಯಂತೆ. ನಮ್ಮ ಮನೆಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತು ‘ಅಕಿಗೆ ಹಬ್ಬ ಗೊತ್ತಿರದಂಗ ಬೆಳೆಸಿದ್ದು ನಾನವ್ವ’ ಎಂದು ಕಣ್ಣು ಒರೆಸಿಕೊಂಡರು. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ನಿಮ್ಮನ್ನು ಹೊಲಕ್ಕೆ ಕರೆಯದವರು ನಾವೇ ಅಲ್ಲವೇ.

ಫೋನಿನ ಮಾತು ಕೇಳಿದೆ. ಹೇಳಿಬಿಡುತ್ತೇನೆ. ನನಗೆ ಕಿವಿ ಕೇಳುವುದಿಲ್ಲ.

ಜಿನ್ನಿನ ಸದ್ದು ನೀನು ಕೇಳಿಲ್ಲ. ಒಂದು ಶೆಡ್ಡಿನಲ್ಲಿ ಅಷ್ಟೂ ಜಿನ್ನು ಒಮ್ಮೆಗೇ ತಿರುಗುತ್ತವೆ. ಮೊದಲು ಸಂಜೆ ಹೊತ್ತು ಕಿವಿಯಲ್ಲಿ ಜೀರುಂಡೆ ಕೂತ ಹಾಗೆ ಆಗುತ್ತಿತ್ತು. ಆಮೇಲೆ ಮಾತುಗಳ ತುದಿ ಹೋಯಿತು. ಆಮೇಲೆ ಫೋನಿನಲ್ಲಿ ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಎದುರಿಗೆ ನಿಂತರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಯಾರಿಗೂ ಹೇಳಲಿಲ್ಲ. ಕಿವುಡಿಯನ್ನು ಮಷೀನಿನ ಹತ್ತಿರ ಬಿಡುವುದಿಲ್ಲ, ಕೆಲಸ ಹೋಗುತ್ತದೆ. ಕೆಲಸ ಹೋದರೆ ವೆಂಕಟಪ್ಪ ಬರುತ್ತಾನೆ. ದುರ್ಗಿಗೂ ಹೇಳಲಿಲ್ಲ, ಸಣ್ಣ ಬಾಯಿ, ಎಲ್ಲಾದರೂ ಆಡಿಬಿಟ್ಟರೆ ಎಂದು ಹೆದರಿದೆ. ಅವಳ ಸೀಟಿ ಮಾತ್ರ ಕೊನೆಯ ತನಕ ಕೇಳಿತು.

ಹಿಂದೆ ಒಮ್ಮೆ ಇಲ್ಲಿಯ ಯಾರೋ ತಪಾಸಣೆಗೆ ಬಂದಿದ್ದರು. ಮಕ್ಕಳಿದ್ದಾರಾ, ಪಾಯಿಖಾನೆ ಇದೆಯಾ, ಬೆಂಕಿ ಆರಿಸುವ ಡಬ್ಬಿ ಇದೆಯಾ ಎಂದು ಬರೆದುಕೊಂಡು ಹೋದರು. ನಿಮ್ಮ ಕಿವಿ ಕೇಳುತ್ತವಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹ್ಞೂಂ ಎನ್ನುತ್ತಿದ್ದೆನೇನೋ.

ದುರ್ಗಿ ಭಾನುವಾರ ಭಾನುವಾರ ಅವರಪ್ಪನ ಫೋನಿನಿಂದ ಮಾತಾಡುತ್ತಾಳೆ. ಅವಳ ದನಿ ಬಾವಿಯೊಳಗಿಂದ ಬಂದ ಹಾಗೆ ಏರುತ್ತದೆ, ಇಳಿಯುತ್ತದೆ. ಅದರ ಮೇಲೇ ಅವಳು ಖುಷಿಯಲ್ಲಿದ್ದಾಳೆ, ಇವತ್ತು ದಣಿದಿದ್ದಾಳೆ ಎಂದು ತಿಳಿದುಕೊಳ್ಳುತ್ತೇನೆ. ನಾನು ‘ಹ್ಞೂಂ ಅವ್ವ, ಹ್ಞೂಂ’ ಎನ್ನುತ್ತೇನೆ. ಕಿವಿ ಹೋಯಿತು ಎಂದರೆ ಅಲ್ಲಿ ಕೂತು ಅಳುತ್ತಾಳೆ. ಅವಳಿಗೆ ಹೇಳಿಬಿಟ್ಟಾಳು ಎಂದು ಶರೀಫಾಬೀಗೂ ಫೋನು ಕೊಡುವುದಿಲ್ಲ.

ಈ ಸಲ ಎಳ್ಳಮಾಸಿಗೆ ಮಕ್ಕಳನ್ನು ಹೊಲಕ್ಕೆ ಬಿಡಲಿಲ್ಲ. ಫೋಟೋ ಹೋಗುತ್ತದೆ ಎಂದು ಎಲ್ಲ ಧಣಿಗಳಿಗೂ ಹೆದರಿಕೆ. ಬಾಲರಾಜ ಕಾಕಾ ಒಬ್ಬನೇ ಚರಗ ಚೆಲ್ಲಿ ಬಂದ. ಅವನು ಕೂಗಿದನೋ ಇಲ್ಲವೋ, ನನಗೆ ಕೇಳಲಿಲ್ಲ.

ನಾನೀಗ ತೊಗರಿ ಕೊಯ್ಲಿಗೆ ಹೋಗುತ್ತಿದ್ದೇನೆ. ಬಿಚ್ಚುತ್ತೇನೆ ಎಂದಿದ್ದೀಯಲ್ಲ, ಬಿಚ್ಚು. ಅವಳನ್ನು ಹತ್ತನೆಯತ್ತೆಗಾದರೂ ಕರೆತರುವ ಹಾಗೆ ಆದರೆ ಸಾಕು.

ನಿನ್ನ
ನಾಗಿ

*

ಹ್ಯಾಂಬರ್ಗ್
8 ಜೂನ್ 2025

ನಾಗಿ,

ನಿನ್ನ ಜನವರಿಯ ಕಾಗದ ಓದಿ ಎಷ್ಟು ಅತ್ತೆ ಎಂದು ಬರೆದು ಪ್ರಯೋಜನವಿಲ್ಲ. ಉತ್ತರ ಬರೆಯುವ ಮೊದಲು ಏನಾದರೂ ಕೈಯಲ್ಲಿ ಇರಬೇಕು ಎಂದು ತಡೆದೆ. ಈಗ ಇದೆ.

ಈ ವರ್ಷ ಅದೇ ಸಭಾಂಗಣದಲ್ಲಿ ಮತ್ತೆ ಎದ್ದು ನಿಂತೆ. ‘ಹೋದ ವರ್ಷ ಈ ಫೋಟೋ ತೋರಿಸಿ ನಾನು ಹೇಳಿದ್ದು ತಪ್ಪು. ಆದರೆ ಏನನ್ನೂ ಕೇಳದೆ ಮಿಲ್ಲು ಬಿಟ್ಟು ಓಡಿಹೋದ ನಿಮ್ಮದು ಇನ್ನೂ ದೊಡ್ಡ ತಪ್ಪು’ ಎಂದೆ. ನಮ್ಮ ಸಂಸ್ಥೆಯವರಿಗೇ ಸಿಟ್ಟು ಬಂತು. ನಮ್ಮ ಮಾತಿನ ಬೆಲೆ ಹೋಗುತ್ತದೆ ಎಂದರು. ಹೋಗಲಿ. ಕಂಪನಿಯ ಒಬ್ಬಳು ಅಧಿಕಾರಿ ಎಳ್ಳಮಾಸಿಯನ್ನು ‘ಸಾಂಸ್ಕೃತಿಕ ಕಾರ್ಯಕ್ರಮ’ ಎಂದು ದಾಖಲಿಸಬಹುದೇ ಎಂದು ಕೇಳಿದಳು. ಏನಾದರೂ ದಾಖಲಿಸು ತಾಯಿ, ಮಿಲ್ಲು ತೆರೆಸು ಎಂದೆ.

ಒಪ್ಪಿದ್ದಾರೆ, ನಾಗಿ! ಈ ಸುಗ್ಗಿಯಿಂದ ನಿಮ್ಮ ಮಿಲ್ಲಿನ ಹತ್ತಿ ಮತ್ತೆ ಕೊಳ್ಳುತ್ತಾರೆ. ಈ ಸಲ ಮನುಷ್ಯರನ್ನು ಕಳಿಸಿ ವಿಚಾರಿಸುತ್ತಾರೆ. ಜಿನ್ನಿನ ಹತ್ತಿರ ನಿಲ್ಲುವ ಎಲ್ಲರ ಕಿವಿಗೂ ರಕ್ಷಣೆ ಕೊಡಬೇಕು ಎಂದು ಕರಾರಿನಲ್ಲೇ ಬರೆಸಿದ್ದೇನೆ. ದುರ್ಗಿಯ ಓದಿನ ಖರ್ಚನ್ನೂ ಅವರೇ ನೋಡುತ್ತಾರೆ, ಪಿಯುಸಿ ತನಕ. ಅವಳು ಶಾಲೆಯಲ್ಲಿ ಹೆಸರು ಹಚ್ಚಿದರೆ ಸಾಕು.

ಇನ್ನೇನು ಶಾಲೆ ಶುರುವಾಗಿರಬೇಕು. ವೆಂಕಟಪ್ಪನಿಗೆ ಹೇಳು, ಇನ್ನು ಅವನ ಮಾತು ನಡೆಯುವುದಿಲ್ಲ. ಅವಳನ್ನು ಕರೆದುಕೊಂಡು ಬಾ.

ನಿನ್ನ
ಪರಿಮಳಾ

*

ಶಹಾಪುರ
23 ನವೆಂಬರ್ 2025

ಪರಿಮಳಾ,

ಮಿಲ್ಲು ಚಾಲೂ ಆಯಿತು. ನೀನು ಮಾಡಿದ್ದು ಖರೇನೇ ಆಯಿತು. ಹೊರಗಿನಿಂದ ಇಬ್ಬರು ಬಂದರು, ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಮಾತಾಡಿಸಿದಳು. ಮಕ್ಕಳು ಯಾರೂ ಇಲ್ಲ ಎಂದು ಬರೆದುಕೊಂಡು ಹೋದಳು. ಇಲ್ಲ, ಯಾರೂ ಇಲ್ಲ.

ಕಿವಿಗೆ ಇಟ್ಟುಕೊಳ್ಳುವ ಕಿತ್ತಳೆ ಬಣ್ಣದ ಬೆಂಡು ಕೊಟ್ಟಿದ್ದಾರೆ. ನನ್ನ ಸುದ್ದಿ ಈಗ ಎಲ್ಲರಿಗೂ ಗೊತ್ತು, ಗೊತ್ತಾದರೂ ನನ್ನನ್ನು ತೆಗೆಯಲಿಲ್ಲ, ಅರಳೆ ಗುಡಿಸುವ ಕಡೆ ಹಾಕಿದ್ದಾರೆ. ‘ನಾಗೀ, ನಿನಗ್ಯಾಕ ಈಗ ಇವು’ ಎಂದು ಬಸವಂತ್ರಾಯ ನಕ್ಕ. ಅಟ್ಟ ಮೇಲೆ ಒಲೆ ಉರಿಯಿತು. ಆದರೂ ನಾನು ಇಟ್ಟುಕೊಳ್ಳುತ್ತೇನೆ. ಶರೀಫಾಬೀಗೆ ಇನ್ನೂ ಕೇಳುತ್ತದೆ, ಅವಳು ಒಲ್ಲೆ ಎಂದು ಬಿಸಾಕುತ್ತಾಳೆ. ನನ್ನನ್ನು ನೋಡಿ ಅವಳೂ ಇಟ್ಟುಕೊಳ್ಳಲಿ ಎಂದು.

ನಿನ್ನ ಜೂನ್ ತಿಂಗಳ ಕಾಗದ ಜೂನ್‌ನಲ್ಲೇ ಬಂತು. ಓದಿ ಮುಗಿಸಿ ಅವತ್ತೇ ಪುಣೆಗೆ ಹೊರಡಲು ನಿಂತೆ. ಅವರಿರುವ ಜಾಗ ಕೇಳಲೆಂದು ವೆಂಕಟಪ್ಪನ ಅಣ್ಣನ ಮನೆಗೆ ಹೋದೆ. ಅವನು ಮುಖ ನೋಡದೆ ಹೇಳಿದ, ನಾನು ತುಟಿ ನೋಡಿ ತಿಳಿದುಕೊಂಡೆ. ಮೇ ತಿಂಗಳಲ್ಲಿ ದುರ್ಗಿಯ ಲಗ್ನವಾಗಿ ಹೋಗಿತ್ತು. ಅಲ್ಲೇ ಬಿಲ್ಡಿಂಗಿನ ಶೆಡ್ಡುಗಳ ನಡುವೆ, ಅಲ್ಲೇ ದುಡಿಯುವ ಹುಡುಗನಿಗೆ ಕೊಟ್ಟಿದ್ದರು. ಅವಳಿಗೆ ಇನ್ನೂ ಹದಿನೈದು ತುಂಬಿಲ್ಲ. ಸರಕಾರಿ ಕಚೇರಿಯೊಂದಕ್ಕೆ ಹೋಗಿ ಅತ್ತೆ. ಲಗ್ನ ಎಲ್ಲಿ ಆಯಿತೋ ಅಲ್ಲೇ ಕೇಳಬೇಕು ಎಂದರು. ನೀನು ಕಾನೂನು ಓದಿದವಳು, ಇದಕ್ಕೆ ಏನು ಮಾಡಬೇಕೋ ನೀನೇ ಹೇಳು. ಅವಳ ಹೆಸರು, ಊರು, ಶೆಡ್ಡಿನ ಗುರುತು ಎಲ್ಲ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಈ ಸಲ ಎಲ್ಲವನ್ನೂ ಬಿಡಿಸಿ ಬರೆದಿದ್ದೇನೆ.

ಪಂಚಮಿಗೆ ಬಂದಿದ್ದಳು. ಲಗ್ನವಾದ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರಬೇಕಲ್ಲ, ಅವಳ ತವರು ಅಂದರೆ ನಾನೇ. ಕೊರಳಲ್ಲಿ ತಾಳಿ ಇತ್ತು, ಸೀಟಿ ಇರಲಿಲ್ಲ. ಗಂಡನನ್ನು ಕಟ್ಟೆಯ ಮೇಲೆ ಕೂರಿಸಿ ಒಳಗೆ ಬಂದು ನನ್ನ ಎದುರಿಗೆ ನಿಂತಳು. ನಾನು ಅವಳ ತುಟಿ ನೋಡುತ್ತಿದ್ದೆ.

‘ಸಣ್ಣವ್ವಾ, ನಾ ಫೋನ್ ಮಾಡಿ ಹೇಳಿದ್ನೆಲ್ಲ? ಅಪ್ಪ ಲಗ್ನ ಗೊತ್ತ ಮಾಡ್ಯಾನ, ನನಗ ಬ್ಯಾಡ, ನೀ ಬಂದು ನನ್ನ ಕರ್ಕೊಂಡು ಹೋಗ್ತಿ ಏನು ಅಂತ ಕೇಳಿದ್ನೆಲ್ಲ? ನೀ ಹ್ಞೂಂ ಅಂದಿ. ವಾರಾ ವಾರಾ ಕೇಳಿದೆ, ವಾರಾ ವಾರಾ ಹ್ಞೂಂ ಅಂದಿ. ಅಕ್ಕಿಕಾಳ ಬೀಳೂ ಮಟ ನಾ ಹಾದಿ ನೋಡೀನಿ.’

ನಾನು ಕಿವಿ ಮುಟ್ಟಿ ತೋರಿಸಿದೆ. ಮೊದಲು ಅವಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ನನ್ನ ಎರಡೂ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ನಿನ್ನ ಮೇಲೆ ನನಗೆ ಇನ್ನು ಸಿಟ್ಟಿಲ್ಲ, ಪರಿಮಳಾ. ನೀನು ನನ್ನ ಮೌನ ಓದಿದೆ, ಅವಳು ನನ್ನ ಹ್ಞೂಂ ನಂಬಿದಳು. ಎರಡೂ ನನ್ನವೇ.

ಹೋಗುವಾಗ ದಿಂಬು ಕೊಡಲು ಹೋದೆ. ‘ಇಲ್ಲೇ ಇರ್ಲಿ, ಸಣ್ಣವ್ವ’ ಎಂದಳು. ಅದು ಇನ್ನೂ ಪೂರ್ತಿ ತುಂಬಿಲ್ಲ, ಇನ್ನೊಂದೆರಡು ಉಡಿ ಹತ್ತಿ ಬೇಕು.

ಈಗಲೂ ಭಾನುವಾರ ಫೋನು ಮಾಡುತ್ತಾಳೆ. ಶರೀಫಾಬೀ ಮನೆಯಲ್ಲಿದ್ದರೆ ಕಿವಿಗೆ ಹಿಡಿದು ಕೇಳಿ ನನಗೆ ತಿರುಗಿ ಹೇಳುತ್ತಾಳೆ. ಅವಳು ಇಲ್ಲದ ದಿನ ನಾನೇ ಎತ್ತುತ್ತೇನೆ. ದನಿ ಏರುತ್ತದೆ, ಇಳಿಯುತ್ತದೆ. ಉಂಡೆಯಾ ಎಂದು ಕೇಳುತ್ತಾಳೋ, ಮಳೆ ಬಂತಾ ಎಂದು ಕೇಳುತ್ತಾಳೋ, ಮತ್ತೇನಾದರೂ ಕೇಳುತ್ತಾಳೋ ನನಗೆ ತಿಳಿಯುವುದಿಲ್ಲ. ಹ್ಞೂಂ ಎನ್ನುವುದನ್ನು ಬಿಟ್ಟಿದ್ದೇನೆ. ಅವಳು ಏನೇ ಕೇಳಲಿ, ನಾನು ಒಂದೇ ಮಾತು ಹೇಳುತ್ತೇನೆ: ‘ಬಾ ಅವ್ವ. ಎದ್ದು ಬಾ.’

ನಿನ್ನ
ನಾಗಿ